ರೆಕಾರ್ಡರ್ ಒತ್ತುವುದು ಆರನೆಯ ಹಂತ: ಅಗಲಿದ ಕೆರಿಬಿಯನ್ ವಿದ್ವಾಂಸರನ್ನು ಮೌಖಿಕ ಇತಿಹಾಸದಲ್ಲಿ ಉಳಿಸುವ ಸಮಗ್ರ ಮಾರ್ಗದರ್ಶಿ

ಕೆರಿಬಿಯನ್ ನಾಡಿನಲ್ಲಿ ದೊಡ್ಡ ವಿದ್ವಾಂಸರೊಬ್ಬರು ತೀರಿಕೊಂಡಾಗ ಶಿಷ್ಯರು, ಮನೆಯವರು, ಅಭಿಮಾನಿಗಳು ಮೊದಲು ಮಾಡುವುದು ಒಂದೇ ಕೆಲಸ: ಫೋನ್ ತೆಗೆದು ಪರಿಚಿತರ ಮಾತನ್ನು ರೆಕಾರ್ಡ್ ಮಾಡಿಕೊಳ್ಳುವುದು. ಮೂರು ವರ್ಷ ಕಳೆದು ನೋಡಿದರೆ ಒಪ್ಪಿಗೆ ಪತ್ರವಿಲ್ಲದ, ಹೆಸರಿಲ್ಲದ, ಫ್ಯಾನಿನ ಸದ್ದೇ ತುಂಬಿಕೊಂಡ ಕಡತಗಳು ಯಾರದೋ ಲ್ಯಾಪ್‌ಟಾಪ್‌ನಲ್ಲಿ ಬಿದ್ದಿರುತ್ತವೆ. ಅವುಗಳಲ್ಲಿರುವುದೂ ಶ್ರದ್ಧಾಂಜಲಿ ಸಭೆಯಲ್ಲಿ ಆಗಲೇ ಆಡಿ ಮುಗಿದ ಮಾತು. ಯಾವ ಗ್ರಂಥಾಲಯವೂ ಅವನ್ನು ಹಾಗೇ ತೆಗೆದುಕೊಳ್ಳಲಾರದು. ಇಂಥವರಲ್ಲಿ ಶ್ರದ್ಧೆಗೆ ಕೊರತೆಯಿರುವುದಿಲ್ಲ, ಕೆಲಸದ ಕ್ರಮ ತಲೆಕೆಳಗಾಗಿರುತ್ತದೆ.

ಇಲ್ಲಿ ಉದ್ದಕ್ಕೂ ಇತಿಹಾಸಕಾರ ವಾಲ್ಟರ್ ರಾಡ್ನಿ ಅವರನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದೆ. ಹುಟ್ಟಿದ್ದು 1942ರಲ್ಲಿ ಗಯಾನಾದ ಜಾರ್ಜ್‌ಟೌನ್‌ನಲ್ಲಿ, ಓದಿದ್ದು ಜಮೈಕಾ ಮತ್ತು ಲಂಡನ್‌ನಲ್ಲಿ, ಪಾಠ ಹೇಳಿದ್ದು ಟಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ ಮತ್ತು ಜಮೈಕಾದಲ್ಲಿರುವ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಮೋನಾ ಕ್ಯಾಂಪಸ್‌ನಲ್ಲಿ. 1980ರ ಜೂನ್ 13ರಂದು ಜಾರ್ಜ್‌ಟೌನ್‌ನಲ್ಲಿ ಬಾಂಬ್ ಸ್ಫೋಟದಲ್ಲಿ ಕೊಲ್ಲಲ್ಪಟ್ಟರು. ಅವರನ್ನು ಕಂಡವರು ಮೂರು ಖಂಡಗಳಲ್ಲಿ ಹರಡಿದ್ದಾರೆ, ರಾಜಕೀಯದ ಗಾಯ ಇನ್ನೂ ಹಸಿಯಾಗಿದೆ, ಕಾಗದಪತ್ರಗಳು ಹುಟ್ಟಿದ ದೇಶದಲ್ಲಿಲ್ಲ. ಬೇರೆ ವಿದ್ವಾಂಸರ ವಿಷಯದಲ್ಲಿ ಒಂದೊಂದಾಗಿ ಎದುರಾಗುವ ಕಷ್ಟಗಳೆಲ್ಲ ಇಲ್ಲಿ ಒಟ್ಟಿಗೇ ಸಿಗುತ್ತವೆ.

1. ಇಡುವ ಜಾಗ ಮೊದಲು ಗೊತ್ತಾಗಲಿ

ಸಂದರ್ಶನ ಶುರುವಾಗುವ ಮುಂಚೆಯೇ ಅದು ಕೊನೆಗೆ ಎಲ್ಲಿ ಸೇರುತ್ತದೆ ಎಂಬುದನ್ನು ಬರವಣಿಗೆಯಲ್ಲಿ ತೀರ್ಮಾನಿಸಿಕೊಳ್ಳಿ. ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಟ್ರಿನಿಡಾಡ್ ಕ್ಯಾಂಪಸ್ ಸೇಂಟ್ ಅಗಸ್ಟೀನ್‌ನ ಗ್ರಂಥಾಲಯದಲ್ಲಿ ಮೌಖಿಕ ದಾಖಲೆಗಳ ಸಂಗ್ರಹವಿದೆ, ಟ್ರಿನಿಡಾಡಿನ ಲೇಖಕ, ಇತಿಹಾಸಕಾರ ಸಿ. ಎಲ್. ಆರ್. ಜೇಮ್ಸ್ ಅವರ ಕಾಗದಪತ್ರಗಳು ಇರುವುದೂ ಅಲ್ಲೇ. ರಾಡ್ನಿ ಅವರ ಕಾಗದಪತ್ರಗಳು ಅಮೆರಿಕದ ಅಟ್ಲಾಂಟಾದಲ್ಲಿ, ಅಲ್ಲಿನ ವಿಶ್ವವಿದ್ಯಾಲಯ ಕೇಂದ್ರದ ರಾಬರ್ಟ್ ವುಡ್ರಫ್ ಗ್ರಂಥಾಲಯದಲ್ಲಿವೆ. ಹಲವು ದೇಶಗಳ ಸಂಸ್ಥೆಗಳು ಸೇರಿ ನಡೆಸುವ ಡಿಜಿಟಲ್ ಲೈಬ್ರರಿ ಆಫ್ ದ ಕೆರಿಬಿಯನ್ ಸಹ ಇದೆ.

ಸಂಸ್ಥೆಯವರನ್ನು ಕೇಳಬೇಕಾದ್ದು ಐದು ವಿಷಯ: ಯಾವ ಧ್ವನಿ ಮಾದರಿ ಬೇಕು, ಅವರದೇ ಒಪ್ಪಿಗೆ ಪತ್ರ ಇದೆಯೇ, ಪ್ರತಿ ಕಡತದ ಜೊತೆ ಯಾವ ವಿವರ ಕೊಡಬೇಕು, ಕೆಲವು ಭಾಗಗಳನ್ನು ಇಂತಿಷ್ಟು ವರ್ಷ ಮುಚ್ಚಿಡಲು ಅವರಿಗೆ ಸಾಧ್ಯವೇ, ಹುಟ್ಟೂರಿನ ಗ್ರಂಥಾಲಯಕ್ಕೆ ಒಂದು ಪ್ರತಿ ಕೊಡಲು ಅವರ ಅಭ್ಯಂತರವಿದೆಯೇ. ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಜಾರ್ಜ್‌ಟೌನ್‌ನ ವಿದ್ಯಾರ್ಥಿಯೊಬ್ಬ ತನ್ನ ಊರಿನವರ ಮಾತು ಕೇಳಲು ವೀಸಾ ಹಾಕಬೇಕಾಗಿ ಬಂದರೆ ಆ ಕೆಲಸ ಅರ್ಧವೇ ಆದಂತೆ.

ಇದೇ ಹೊತ್ತಿಗೆ ಮನೆಯವರ ಜೊತೆಯೂ ಮಾತು ಮುಗಿಯಲಿ. ಇಲ್ಲಿ ಎರಡು ಹಕ್ಕುಗಳನ್ನು ಜನ ಕಲಸಿಬಿಡುತ್ತಾರೆ. ಒಂದು ಪತ್ರ ಯಾರ ಕೈಯಲ್ಲಿದೆಯೋ ಅವರು ಆ ಕಾಗದದ ಒಡೆಯರು. ಅದರಲ್ಲಿರುವ ಬರಹದ ಹಕ್ಕು ಸಾಮಾನ್ಯವಾಗಿ ಬರೆದವರ ವಾರಸುದಾರರದು. ಸಂದರ್ಶನ ಕೊಡುವವರು ತಮ್ಮ ನೆನಪು ಹೇಳಲು ಮನೆಯವರ ಅನುಮತಿ ಬೇಕಿಲ್ಲ. ವಿದ್ವಾಂಸರ ಪತ್ರವನ್ನು ಪೂರ್ತಿ ಓದಿ ಅದನ್ನು ಪ್ರಕಟಿಸುವುದಾದರೆ ಬೇಕು.

ಮೂರರಿಂದ ಐದು ಜನರ ಸಲಹಾ ಗುಂಪು ಸಾಕು. ಅದರಲ್ಲಿ ವಿದ್ವಾಂಸರ ಜೊತೆ ಬಹಿರಂಗವಾಗಿ ಭಿನ್ನಾಭಿಪ್ರಾಯ ಹೊಂದಿದ್ದ ಒಬ್ಬರಾದರೂ ಇರಲೇಬೇಕು. ಅಂಥವರು ಯಾರೂ ಸಿಗುತ್ತಿಲ್ಲ ಎಂದಾದರೆ ನೀವು ಸುತ್ತುತ್ತಿರುವುದು ಭಕ್ತರ ವಲಯದೊಳಗೆ ಮಾತ್ರ ಎಂದು ತಿಳಿಯಿರಿ.

2. ಕಾಗದ ಓದಿ, ಕಾಲಪಟ್ಟಿ ಮಾಡಿ

ದೊಡ್ಡ ಹಾಳೆಯಲ್ಲಿ ನಾಲ್ಕು ಅಂಕಣ ಹಾಕಿ: ದಿನಾಂಕ, ಜಾಗ, ಸಿಕ್ಕಿರುವ ದಾಖಲೆ, ದಾಖಲೆ ಹೇಳದಿರುವುದು. ನಾಲ್ಕನೆಯ ಅಂಕಣವೇ ನಿಮ್ಮ ಪ್ರಶ್ನೆಪತ್ರಿಕೆ.

ರಾಡ್ನಿ ವಿಷಯದಲ್ಲಿ 1968ರ ಅಕ್ಟೋಬರ್ 15 ಪಟ್ಟಿಯಲ್ಲಿ ಸುಲಭವಾಗಿ ತುಂಬುತ್ತದೆ: ಮಾಂಟ್ರಿಯಲ್‌ನ ಕಪ್ಪು ಲೇಖಕರ ಸಮಾವೇಶದಿಂದ ಮರಳಿದ ಅವರನ್ನು ಜಮೈಕಾ ಸರ್ಕಾರ ವಿಮಾನದಿಂದ ಇಳಿಯಲು ಬಿಡಲಿಲ್ಲ. ಮರುದಿನ ಮೋನಾದ ವಿದ್ಯಾರ್ಥಿಗಳು ಮೆರವಣಿಗೆ ಹೊರಟರು, ಕಿಂಗ್‌ಸ್ಟನ್ ಹೊತ್ತಿಕೊಂಡಿತು. ಪತ್ರಿಕೆಗಳಲ್ಲಿ ಇದೆಲ್ಲ ಇದೆ. ಆದರೆ ಅದಕ್ಕೂ ಹಿಂದಿನ ತಿಂಗಳುಗಳಲ್ಲಿ ಅವರು ಕಿಂಗ್‌ಸ್ಟನ್‌ನ ಬಡ ಕೇರಿಗಳಲ್ಲಿ, ಜಮೈಕಾದಲ್ಲೇ ಹುಟ್ಟಿದ ಧಾರ್ಮಿಕ ಪಂಥವಾದ ರಾಸ್ತಫಾರಿಗಳ ನಡುವೆ ಕೂತು ಆಫ್ರಿಕಾದ ಇತಿಹಾಸ ಹೇಳುತ್ತಿದ್ದಾಗ ಎದುರಿಗೆ ಯಾರ್‍ಯಾರಿದ್ದರು, ಅವರು ತಿರುಗಿ ಏನು ಕೇಳಿದರು? ಅದು ನಾಲ್ಕನೆಯ ಅಂಕಣಕ್ಕೆ ಹೋಗುತ್ತದೆ. ಹಾಗೆಯೇ 1974: ಗಯಾನಾ ವಿಶ್ವವಿದ್ಯಾಲಯದಲ್ಲಿ ಸಿಗಬೇಕಿದ್ದ ಹುದ್ದೆಯನ್ನು ಸರ್ಕಾರ ತಪ್ಪಿಸಿತು. ಊರಲ್ಲಿ ಕಾಯಂ ಕೆಲಸವಿಲ್ಲದ ಆ ವರ್ಷಗಳಲ್ಲೇ ಅವರು ಗಯಾನಾದ ದುಡಿಯುವ ಜನರ ಇತಿಹಾಸ ಬರೆದರು. ಪುಸ್ತಕ ಬಂದದ್ದು ಸಾವಿನ ಮರುವರ್ಷ. ಟಿಪ್ಪಣಿಗಳನ್ನು ಎಲ್ಲಿ ಇಡುತ್ತಿದ್ದರು, ಹಸ್ತಪ್ರತಿ ಯಾರ ಕೈ ದಾಟಿತು, ಮನೆ ಹೇಗೆ ನಡೆಯುತ್ತಿತ್ತು ಎಂಬ ಪ್ರಶ್ನೆಗಳಿಗೆ ಉತ್ತರ ಜನರ ಬಾಯಲ್ಲೇ ಸಿಗಬೇಕು.

ಮೊದಲೇ ನಡೆದ ವಿಚಾರಣೆಗಳನ್ನೂ ಓದಿ. ಅವರ ಸಾವಿನ ಬಗ್ಗೆ 2014ರಲ್ಲಿ ವಿಚಾರಣಾ ಆಯೋಗ ಕೂತು 2016ರಲ್ಲಿ ವರದಿ ಕೊಟ್ಟಿತು. ಆಯೋಗದ ಮುಂದೆ ಒಮ್ಮೆ ಸಾಕ್ಷಿ ಹೇಳಿದವರು ನಿಮ್ಮ ಮುಂದೆಯೂ ಅದೇ ವಾಕ್ಯಗಳನ್ನು ಅದೇ ಕ್ರಮದಲ್ಲಿ ಹೇಳುತ್ತಾರೆ. ವಕೀಲರು ಕೇಳದೆ ಬಿಟ್ಟದ್ದೇನು ಎಂದು ಗುರುತು ಹಾಕಿಕೊಂಡು ಅಲ್ಲಿಂದ ಶುರು ಮಾಡಿ.

3. ಯಾರ ಬಳಿಗೆ, ಯಾವ ಕ್ರಮದಲ್ಲಿ

ಪ್ರತಿಷ್ಠೆ ನೋಡಿ ಪಟ್ಟಿ ಮಾಡಬೇಡಿ, ವಯಸ್ಸು ಮತ್ತು ಆರೋಗ್ಯ ನೋಡಿ ಮಾಡಿ. 1968ರಲ್ಲಿ 20 ವರ್ಷದವರಾಗಿದ್ದವರಿಗೆ 2026ರಲ್ಲಿ 78. ಪ್ರೊಫೆಸರ್, ಮಾಜಿ ಮಂತ್ರಿ ಇವರೆಲ್ಲ ಬೇರೆ ಕಡೆ ಬರೆದಿರುತ್ತಾರೆ, ಮಾತಾಡಿರುತ್ತಾರೆ. ಅವರು ಒಂದು ವರ್ಷ ಕಾಯಬಹುದು. ಎಲ್ಲೂ ದಾಖಲಾಗದ 82ರ ಟೈಪಿಸ್ಟ್ ಕಾಯುವ ಸ್ಥಿತಿಯಲ್ಲಿರುವುದಿಲ್ಲ.

ಹೆಸರುಗಳನ್ನು ನಾಲ್ಕು ಸುತ್ತಿನಲ್ಲಿ ಬರೆಯಿರಿ. ಮನೆಯವರು. ಸಹೋದ್ಯೋಗಿಗಳು, ವಿದ್ಯಾರ್ಥಿಗಳು. ಬರಹಕ್ಕೆ ಕೈ ಕೊಟ್ಟವರು, ಅಂದರೆ ಟೈಪ್ ಮಾಡಿದವರು, ಅಚ್ಚು ಹಾಕಿದವರು, ಪತ್ರಾಗಾರದಲ್ಲಿ ಕಟ್ಟು ತೆಗೆದುಕೊಟ್ಟವರು. ಕೊನೆಗೆ ಮಾತು ಕೇಳಲು ಬಂದು ಕೂತ ಸಾಮಾನ್ಯ ಜನ. ಎಲ್ಲ ಕಡೆ ಬರಿದಾಗಿ ಉಳಿಯುವುದು ಮೂರನೆಯ ಮತ್ತು ನಾಲ್ಕನೆಯ ಸುತ್ತು, ಕೆಲಸದ ಬೆಲೆ ಇರುವುದೂ ಅಲ್ಲೇ.

ಗಯಾನಾದಲ್ಲಿ ಇನ್ನೊಂದು ಎಚ್ಚರ ಬೇಕು. 1838ರಿಂದ 1917ರವರೆಗೆ ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಭಾರತದಿಂದ ಕೂಲಿಗಳನ್ನು ಒಯ್ದರು. ಹೆಚ್ಚಿನವರು ಕಲ್ಕತ್ತಾ ಬಂದರಿನಿಂದ, ಕೆಲವರು ಮದ್ರಾಸಿನಿಂದ. ಅವರ ಮಕ್ಕಳು ಮೊಮ್ಮಕ್ಕಳಿಗೂ ಆಫ್ರಿಕನ್ ಮೂಲದವರಿಗೂ ನಡುವಿನ ರಾಜಕೀಯ ಬಿರುಕನ್ನು ದಾಟುವುದೇ ರಾಡ್ನಿ ಅವರ ಕೊನೆಯ ವರ್ಷಗಳ ದೊಡ್ಡ ಪ್ರಯತ್ನ. ಆಫ್ರಿಕನ್ ಮೂಲದವರೇ ಹೆಚ್ಚಿರುವ ಲಿಂಡನ್ ಪಟ್ಟಣದ ಬಾಕ್ಸೈಟ್ ಗಣಿ ಕಾರ್ಮಿಕರನ್ನು ಮಾತ್ರ ಕೇಳಿ ಭಾರತೀಯ ಮೂಲದವರೇ ಹೆಚ್ಚಿರುವ ಕರಾವಳಿಯ ಕಬ್ಬಿನ ಊರುಗಳನ್ನು ಬಿಟ್ಟರೆ, ಅಥವಾ ಅದಲುಬದಲಾದರೆ, ಆ ಪ್ರಯತ್ನವೇ ದಾಖಲೆಯಿಂದ ಮಾಯವಾಗುತ್ತದೆ.

ಇಬ್ಬರು ಮೂವರು ಸೇರಿ ಮಾಡುವ ಯೋಜನೆಗೆ 12ರಿಂದ 15 ಜನ, ತಲಾ ಎರಡು ರೆಕಾರ್ಡಿಂಗ್ ಭೇಟಿ, ಅಂಥ ಪ್ರತಿ ಭೇಟಿ 60ರಿಂದ 90 ನಿಮಿಷ: ಇದು ಮುಗಿಸಬಹುದಾದ ಗಾತ್ರ. 60 ಜನರ ಪಟ್ಟಿ ಹಿಡಿದು ಹೊರಟವರು ಸಾಮಾನ್ಯವಾಗಿ ಹತ್ತರಲ್ಲೇ ನಿಲ್ಲುತ್ತಾರೆ.

4. ಬರಿಗೈ ಭೇಟಿ, ಒಪ್ಪಿಗೆ

ಮೊದಲ ಭೇಟಿಗೆ ರೆಕಾರ್ಡರ್ ಒಯ್ಯಬೇಡಿ. ಅರ್ಧ ಗಂಟೆ ಕೂತು ಉದ್ದೇಶ ತಿಳಿಸಿ, ಹಳೆಯ ಫೋಟೊ, ಕಾಗದ ಇದ್ದರೆ ಹುಡುಕಿಡಲು ಹೇಳಿ, ಕೋಣೆಯ ಸದ್ದು ಗಮನಿಸಿ. ಕಥೆ ಶುರುವಾದರೆ ಮೆಲ್ಲಗೆ ತಡೆದು ‘ಇದನ್ನು ಮುಂದಿನ ವಾರ ಪೂರ್ತಿ ಕೇಳಬೇಕು’ ಎನ್ನಿ. ಒಮ್ಮೆ ಪೂರ್ತಿ ಹೇಳಿಬಿಟ್ಟರೆ ಎರಡನೆಯ ಸಲ ‘ಆಗಲೇ ಹೇಳಿದೆನಲ್ಲ’ ಎಂದು ಅರ್ಧಕ್ಕರ್ಧ ಬಿಟ್ಟುಹೋಗುತ್ತದೆ.

ಹಿರಿಯರನ್ನು ಬರೀ ಹೆಸರು ಹಿಡಿದು ಕರೆಯಬೇಡಿ. ಜಮೈಕಾದಲ್ಲಿ ವಯಸ್ಸಾದ ಹೆಂಗಸರನ್ನು ಹೆಸರಿಗೆ ಮೊದಲು ‘ಮಿಸ್’ ಸೇರಿಸಿ ಕರೆಯುತ್ತಾರೆ. ಗಯಾನಾದಲ್ಲಿ ‘ಆಂಟಿ’, ‘ಅಂಕಲ್’ ಸಲ್ಲುತ್ತದೆ. ಟಾಂಜಾನಿಯಾದ ಹಳೆಯ ಮೇಷ್ಟರಿಗೆ ‘ಮ್ವಾಲಿಮು’ ಎಂದರೆ ಮುಖ ಅರಳುತ್ತದೆ.

ಒಪ್ಪಿಗೆ ಎರಡು ಸಲ ಬೇಕು. ಶುರುವಿಗೆ ಮುಂಚೆ: ಯಾರು ಕೇಳುತ್ತಿದ್ದಾರೆ, ಏಕೆ, ಎಲ್ಲಿ ಇಡುತ್ತಾರೆ, ಬೇಡವೆನಿಸಿದರೆ ಯಾವಾಗ ನಿಲ್ಲಿಸಬಹುದು. ಮುಗಿದ ಮೇಲೆ, ತಾವು ಆಡಿದ್ದನ್ನು ಓದಿ ಅಥವಾ ಕೇಳಿ ನೋಡಿದ ನಂತರ: ಪೂರ್ತಿ ಮುಕ್ತವೋ, ಗ್ರಂಥಾಲಯದೊಳಗೆ ಮಾತ್ರವೋ, ಇಂಥ ವರ್ಷದವರೆಗೆ ಮುಚ್ಚಿಡಬೇಕೋ. ಮೊದಲೇ ಎಲ್ಲಕ್ಕೂ ಸಹಿ ಹಾಕಿಸಿಕೊಳ್ಳುವುದು ಸುಲಭ. ಆದರೆ ಏನು ಹೇಳುತ್ತೇನೆಂದು ತನಗೇ ಗೊತ್ತಿಲ್ಲದ ಹೊತ್ತಿನಲ್ಲಿ ಹಾಕಿದ ಸಹಿಗೆ ನೈತಿಕ ಬಲ ಕಡಿಮೆ.

ಕೊಲೆ, ಪೊಲೀಸ್, ಪಕ್ಷಗಳ ಮಾತು ಬರುವ ಕಡೆ ‘ಯಾರಿಗೂ ಗೊತ್ತಾಗುವುದಿಲ್ಲ’ ಎಂದು ಎಂದೂ ಮಾತು ಕೊಡಬೇಡಿ. ಉತ್ತರ ಐರ್ಲೆಂಡಿನ ಸಂಘರ್ಷದ ಬಗ್ಗೆ ಬಾಸ್ಟನ್ ಕಾಲೇಜು ಗುಟ್ಟಿನ ಭರವಸೆ ಕೊಟ್ಟು ಸಂಗ್ರಹಿಸಿದ್ದ ಸಂದರ್ಶನಗಳಲ್ಲಿ ಕೆಲವು 2011ರಲ್ಲಿ ಶುರುವಾದ ಕಾನೂನು ಹೋರಾಟದ ಕೊನೆಗೆ ಪೊಲೀಸರ ಕೈ ಸೇರಿದವು. ಬದುಕಿರುವ ವ್ಯಕ್ತಿಯ ಮೇಲೆ ನೇರ ಆರೋಪ ಬಂದರೆ ಆ ನಿಮಿಷವನ್ನು ಗುರುತು ಮಾಡಿಕೊಳ್ಳಿ, ಮುಚ್ಚಿಡುವ ಆಯ್ಕೆಯನ್ನು ಮತ್ತೆ ನೆನಪಿಸಿ, ಪ್ರಕಟಿಸುವ ಮುಂಚೆ ವಕೀಲರಿಗೆ ತೋರಿಸಿ.

5. ಸಲಕರಣೆ

- ಎರಡು ಮೈಕ್ ಇನ್‌ಪುಟ್ ಇರುವ ಕೈ ರೆಕಾರ್ಡರ್. ಜೂಮ್ ಅಥವಾ ಟಾಸ್ಕಾಮ್ ಕಂಪನಿಯ ಮಧ್ಯಮ ಬೆಲೆಯದು ಸಾಕು
- ಅಂಗಿಗೆ ಸಿಕ್ಕಿಸುವ ತಂತಿ ಮೈಕ್ ಎರಡು, ಸ್ಪಾಂಜಿನ ಟೊಪ್ಪಿ ಸಮೇತ
- ಕಿವಿ ಮುಚ್ಚುವ ಹೆಡ್‌ಫೋನ್
- 32 ಜಿಬಿ ಮೆಮೊರಿ ಕಾರ್ಡ್ ಎರಡು, ಹೊಸ ಬ್ಯಾಟರಿ ಎರಡು ಜೊತೆ
- ದಪ್ಪ ಹೊದಿಕೆ ಒಂದು
- ಫೋನ್, ಎರಡನೆಯ ರೆಕಾರ್ಡರ್ ಆಗಿ ಮಾತ್ರ

ವೇವ್ ಮಾದರಿ, 48 ಕಿಲೋಹರ್ಟ್ಸ್, 24 ಬಿಟ್ ಇಟ್ಟುಕೊಳ್ಳಿ. ಎರಡು ಚಾನೆಲ್‌ನಲ್ಲಿ ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ. ನೇರ ಎಂಪಿ3ಯಲ್ಲಿ ರೆಕಾರ್ಡ್ ಮಾಡಿದರೆ ಕಳೆದ ವಿವರವನ್ನು ಆಮೇಲೆ ಎಲ್ಲಿಂದಲೂ ತರಲಾಗದು. ಮೈಕ್ ಗದ್ದದಿಂದ ಒಂದು ಗೇಣು ಕೆಳಗಿರಲಿ. ಸರ, ಸ್ಕಾರ್ಫ್ ಅದಕ್ಕೆ ತಾಗಬಾರದು. ಜೋರು ಮಾತಿಗೂ ಮೀಟರ್ ಮೈನಸ್ 12 ಡೆಸಿಬೆಲ್ ಹತ್ತಿರವೇ ನಿಲ್ಲಬೇಕು. ನಗು ಬಂದಾಗ ಕೆಂಪು ದೀಪ ಹತ್ತಿದರೆ ಮಟ್ಟ ಇಳಿಸಿ.

ಕೆರಿಬಿಯನ್ ಮನೆಗಳ ಸದ್ದಿಗೆ ಬೇರೆಯೇ ಸಿದ್ಧತೆ ಬೇಕು. ಎಷ್ಟೋ ಮನೆಗಳ ಕಿಟಕಿಗಳು ಪಟ್ಟಿ ಕಿಟಕಿಗಳು, ಬೀದಿಯ ಸಂಗೀತ ನೇರ ಒಳಗೆ ಬರುತ್ತದೆ. ಮಾಡು ಹೆಚ್ಚಾಗಿ ತಗಡಿನದು. ಹನಿ ಮಳೆ ಬಿದ್ದರೂ ಮಾತು ಮುಳುಗುತ್ತದೆ, ಯಾವ ಸಾಫ್ಟ್‌ವೇರೂ ಅದನ್ನು ಸರಿಯಾಗಿ ಬಿಡಿಸಲಾರದು. ಮಳೆ ಶುರುವಾದರೆ ರೆಕಾರ್ಡರ್ ನಿಲ್ಲಿಸಿ, ಚಹಾ ಕುಡಿಯಿರಿ. ಗಯಾನಾ ಕರಾವಳಿಯಲ್ಲಿ ಮೇಯಿಂದ ಜುಲೈವರೆಗೆ, ಮತ್ತೆ ಡಿಸೆಂಬರ್-ಜನವರಿಯಲ್ಲಿ ಮಳೆ ಜಾಸ್ತಿ. ಪ್ರಯಾಣವನ್ನು ಫೆಬ್ರವರಿ-ಏಪ್ರಿಲ್ ಅಥವಾ ಸೆಪ್ಟೆಂಬರ್-ಅಕ್ಟೋಬರ್‌ಗೆ ಇಟ್ಟುಕೊಳ್ಳಿ. ಸಂಜೆಯಾದರೆ ಕಪ್ಪೆ, ಕೀಟಗಳ ಸದ್ದು ಏರುತ್ತದೆ, ಹಾಗಾಗಿ ಬೆಳಗಿನ ಹೊತ್ತೇ ಒಳ್ಳೆಯದು. ಫ್ಯಾನ್ ಆರಿಸಲೇಬೇಕು, ಆದರೆ ಸೆಕೆಯಲ್ಲಿ ಹಿರಿಯರನ್ನು 40 ನಿಮಿಷಕ್ಕಿಂತ ಹೆಚ್ಚು ಹಾಗೆ ಕೂರಿಸಬೇಡಿ. ಆರಿಸಿ, ಹಾಕಿ, ವಿಶ್ರಾಂತಿ ಕೊಟ್ಟು ಮತ್ತೆ ಆರಿಸಿ. ಹೊದಿಕೆಯನ್ನು ಎದುರಿನ ಬರಿಗೋಡೆಯ ಮುಂದೆ ಇಳಿಬಿಟ್ಟರೆ ಗುಂಯ್ ಎನ್ನುವುದು ಕಡಿಮೆಯಾಗುತ್ತದೆ.

ದೂರದವರಿಗೆ ವಿಡಿಯೊ ಕರೆ ಅನಿವಾರ್ಯ. ಜಾರ್ಜ್‌ಟೌನ್‌ಗೂ ದಾರ್ ಎಸ್ ಸಲಾಮ್‌ಗೂ 7 ಗಂಟೆ ಅಂತರವಿದೆ. ಕರೆಯ ಧ್ವನಿಯನ್ನು ನಂಬಬೇಡಿ. ಆ ಕಡೆ ಮೊಮ್ಮಗನೋ ಪಕ್ಕದ ಮನೆಯವರೋ ಇನ್ನೊಂದು ಫೋನ್‌ನಲ್ಲಿ ಸ್ಥಳದಲ್ಲೇ ರೆಕಾರ್ಡ್ ಮಾಡಿ ಕಳಿಸಲಿ. ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಎರಡು ಧ್ವನಿಗಳನ್ನು ಜೋಡಿಸುವುದು ಸುಲಭ.

6. ಕೂತು ಕೇಳುವುದು

ಮೊದಲು 30 ಸೆಕೆಂಡು ಯಾರೂ ಮಾತಾಡದೆ ಕೋಣೆಯ ಸದ್ದನ್ನಷ್ಟೇ ಹಿಡಿಯಿರಿ. ಆಮೇಲೆ ದಿನಾಂಕ, ಊರು, ಇಬ್ಬರ ಹೆಸರು ಬಾಯಿಬಿಟ್ಟು ಹೇಳಿ. ಕಡತದ ಹೆಸರು ಅಳಿಸಿಹೋದರೂ ಧ್ವನಿ ತಾನು ಯಾರದೆಂದು ಹೇಳಬೇಕು.

‘ಅವರು ಎಂಥ ಮನುಷ್ಯರು?’ ಎಂದು ಶುರು ಮಾಡಿದರೆ ಶ್ರದ್ಧಾಂಜಲಿಯೇ ಬರುತ್ತದೆ. ಎಲ್ಲರೂ ಸೋಲುವ ಜಾಗ ಇದು. ಜಾಗ ಮತ್ತು ವಸ್ತುಗಳಿಂದ ಶುರು ಮಾಡಿ. ಕಿಂಗ್‌ಸ್ಟನ್‌ನ ಕೂಟಕ್ಕೆ ಹೋಗಿದ್ದವರನ್ನು ಹೀಗೆ ಕೇಳಿ: ಅಂದು ಎಲ್ಲಿ ಕೂತಿರಿ, ನೆಲದ ಮೇಲೋ, ಪೆಟ್ಟಿಗೆ ಮೇಲೋ? ಅವರು ನಿಂತಿದ್ದರೋ, ನಿಮ್ಮ ಜೊತೆಗೇ ಕೂತಿದ್ದರೋ? ಕೈಯಲ್ಲಿ ಕಾಗದ ಇತ್ತೇ? ಬೆಳಕು ಯಾವುದು? ಮೊದಲು ಎದುರು ಮಾತಾಡಿದವರು ಯಾರು? ಆಗ ಅವರು ಏನು ಮಾಡಿದರು? ಈ ಐದಾರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದರೆ ಒಬ್ಬ ವಿದ್ವಾಂಸ ಜನರಿಂದ ಕಲಿಯುತ್ತಿದ್ದನೋ ಜನರಿಗೆ ಬರೀ ಹೇಳುತ್ತಿದ್ದನೋ ಎಂಬುದು ತಾನಾಗಿ ಗೊತ್ತಾಗುತ್ತದೆ.

ಫೋಟೊ, ಹಳೆಯ ಕರಪತ್ರ, ಪರೀಕ್ಷಾ ಪತ್ರಿಕೆ ಒಂದನ್ನು ಕೈಗೆ ಕೊಡಿ. ಕೊಟ್ಟಾಗ ‘ಇದು ಎಡಗಡೆ ಗೇಟಿನ ಮುಂದೆ ನಿಂತ ಫೋಟೊ’ ಎಂದು ನೀವೇ ಧ್ವನಿಯಲ್ಲಿ ವಿವರಿಸಿ, ಇಲ್ಲವಾದರೆ ಕೇಳುವವರಿಗೆ ‘ಇವನು, ಅವನು’ ಮಾತ್ರ ಕೇಳಿಸುತ್ತದೆ. ಉತ್ತರ ಮುಗಿದಂತೆ ಕಂಡಾಗ ಮನಸ್ಸಿನಲ್ಲಿ ಹತ್ತು ಎಣಿಸಿ. ಮುಖ್ಯ ಮಾತು ಎಷ್ಟೋ ಸಲ ಆ ಮೌನದ ಆಚೆಗಿರುತ್ತದೆ. ‘ಹೌದು ಹೌದು’ ಎನ್ನುವ ಬದಲು ತಲೆಯಾಡಿಸಿ.

ಅವರು ದಿನಾಂಕ ತಪ್ಪು ಹೇಳಿದರೆ ತಿದ್ದಬೇಡಿ. ರಾಡ್ನಿ ಅವರನ್ನು ವಿಮಾನದಲ್ಲೇ ತಡೆದ ದಿನವನ್ನೂ ಮರುದಿನದ ಕಿಂಗ್‌ಸ್ಟನ್ ಗಲಭೆಯನ್ನೂ ಒಂದೇ ದಿನ ಎಂದು ನೆನೆಯುವವರಿದ್ದಾರೆ. ಅವರ ಬದುಕಿನಲ್ಲಿ ಆ ಎರಡು ದಿನ ಒಂದಾಗಿಯೇ ಉಳಿದಿವೆ. ನಿಮ್ಮ ಟಿಪ್ಪಣಿಯಲ್ಲಿ ಸರಿಯಾದ ದಿನಾಂಕ ಬರೆಯಿರಿ, ಧ್ವನಿಯಲ್ಲಿ ಅವರ ನೆನಪು ಹಾಗೇ ಇರಲಿ.

ನಿಲ್ಲಿಸಬೇಕಾದ ಲಕ್ಷಣಗಳು: ಉತ್ತರಗಳು ಚಿಕ್ಕದಾಗುತ್ತಿವೆ, ಒಂದೇ ಕಥೆ ಮೂರನೆಯ ಸಲ ಬಂತು, ಪಕ್ಕದಲ್ಲಿ ಕೂತ ಮಗಳೇ ಉತ್ತರ ಕೊಡತೊಡಗಿದಳು, ಕೈ ನಡುಗತೊಡಗಿತು. ಸಾವಿನ ದಿನದ ಪ್ರಶ್ನೆಯನ್ನು ಕೊನೆಗೆ ಇಡಬೇಡಿ, ಮೂರನೆಯ ಒಂದು ಭಾಗ ಉಳಿದಿರುವಾಗಲೇ ಕೇಳಿ. ದುಃಖದಲ್ಲಿ ಬಿಟ್ಟು ಎದ್ದುಬರಬಾರದು. ಅವರು ನಗುತ್ತಾ ಹೇಳುವ ಯಾವುದಾದರೊಂದು ವಿಷಯಕ್ಕೆ ಮರಳಿ ತಂದು ಮುಗಿಸಿ.

7. ಅದೇ ಸಂಜೆ

ಕಾರ್ಡ್‌ನಿಂದ ಎರಡು ಹಾರ್ಡ್ ಡಿಸ್ಕ್‌ಗೆ ಪ್ರತಿ ಮಾಡಿ, ಮೂರನೆಯದನ್ನು ಬೇರೆ ದೇಶದ ಸರ್ವರ್‌ಗೆ ಏರಿಸಿ. ಮೂರೂ ತೆರೆದು ಕೇಳಿದ ಮೇಲಷ್ಟೇ ಕಾರ್ಡ್ ಅಳಿಸಿ. ಬೇರೆ ದೇಶ ಎಂದದ್ದಕ್ಕೆ ಕಾರಣವಿದೆ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. 2017ರಲ್ಲಿ ಮರಿಯಾ ಚಂಡಮಾರುತ ಡೊಮಿನಿಕಾ ದ್ವೀಪವನ್ನೇ ಕೆಡವಿತು. 2005ರ ಜನವರಿಯಲ್ಲಿ ಗಯಾನಾ ಕರಾವಳಿ ನೆರೆಯಲ್ಲಿ ನಿಂತಿತ್ತು. 2024ರ ಜೂನ್‌ನಲ್ಲಿ ಬಾರ್ಬಡೋಸ್ ಪತ್ರಾಗಾರದ ಒಂದು ಕಟ್ಟಡವನ್ನು ಬೆಂಕಿ ನುಂಗಿತು. ಒಂದೇ ದ್ವೀಪದಲ್ಲಿ ಮೂರು ಪ್ರತಿ ಇದ್ದರೂ ಅದು ಒಂದೇ ಪ್ರತಿ ಇದ್ದಂತೆ.

ಕಡತಕ್ಕೆ ವರ್ಷ, ತಿಂಗಳು, ದಿನ, ಊರಿನ ಸಂಕ್ಷೇಪ, ಸಂದರ್ಶನ ಸಂಖ್ಯೆ, ಭಾಗದ ಸಂಖ್ಯೆ ಈ ಕ್ರಮದಲ್ಲಿ ಹೆಸರಿಡಿ. ರೋಮನ್ ಅಕ್ಷರವೇ ಇರಲಿ, ನಡುವೆ ಖಾಲಿ ಜಾಗ ಬೇಡ. ಮುಚ್ಚಿಡಬೇಕಾದ ಸಂದರ್ಶನದಲ್ಲಿ ವ್ಯಕ್ತಿಯ ಹೆಸರನ್ನು ಕಡತದ ಹೆಸರಿಗೆ ಸೇರಿಸಬೇಡಿ. ಮಲಗುವ ಮುಂಚೆ ಅರ್ಧ ಪುಟ ಬರೆಯಿರಿ: ಯಾರು ಜೊತೆಗಿದ್ದರು, ರೆಕಾರ್ಡರ್ ನಿಂತ ಮೇಲೆ ಯಾವ ವಿಷಯ ಎತ್ತಿದರು, ಏನು ತೋರಿಸಿದರು.

8. ಬರಹಕ್ಕೆ ಇಳಿಸುವುದು

ಮೊದಲು ಸೂಚಿ, ಆಮೇಲೆ ಪೂರ್ತಿ ಬರಹ. ಐದು ನಿಮಿಷಕ್ಕೊಂದು ಸಾಲು ಸಾಕು: ‘14 ನಿಮಿಷ 20 ಸೆಕೆಂಡು: ಮೋನಾ, 1968, ತರಗತಿಯ ಹೊರಗಿನ ಕೂಟ, ಬಂದವರ ಹೆಸರು, ಹೆಸರಿನ ಕಾಗುಣಿತ ಖಚಿತಪಡಿಸಬೇಕು.’ ಹಣ ಮುಗಿದು ಪೂರ್ತಿ ಬರಹ ಆಗದೆ ಉಳಿದರೂ ಸೂಚಿ ಇರುವ ಧ್ವನಿ ಬಳಕೆಗೆ ಬರುತ್ತದೆ.

ಒಂದು ಗಂಟೆಯ ಧ್ವನಿಯನ್ನು ಬರಹಕ್ಕೆ ಇಳಿಸಲು 6ರಿಂದ 8 ಗಂಟೆ ಹಿಡಿಯುತ್ತದೆ, ಇಂಗ್ಲಿಷ್ ಮತ್ತು ಆಫ್ರಿಕಾದ ನುಡಿಗಳು ಬೆರೆತು ಬೆಳೆದ ಕ್ರಿಯೋಲ್ ಮಾತಾದರೆ ಇನ್ನೂ ಹೆಚ್ಚು. ಇಂಗ್ಲಿಷ್‌ಗೆಂದು ಮಾಡಿದ ಸ್ವಯಂಚಾಲಿತ ತಂತ್ರಾಂಶ ಇಲ್ಲಿ ಅಪಾಯಕಾರಿ. ರಾಸ್ತಫಾರಿಗಳು ದಬ್ಬಾಳಿಕೆಗೆ ಇಂಗ್ಲಿಷ್‌ನಲ್ಲಿರುವ ‘ಅಪ್ರೆಷನ್’ ಎಂಬ ಪದ ಬಳಸುವುದಿಲ್ಲ, ‘ಡೌನ್‌ಪ್ರೆಷನ್’ ಎನ್ನುತ್ತಾರೆ. ತುಳಿತದ ಮಾತಿನಲ್ಲಿ ‘ಅಪ್’ ಎಂಬ ಸದ್ದು ಏಕಿರಬೇಕು ಎಂಬುದು ಅವರ ತರ್ಕ. ಯಂತ್ರ ಅದನ್ನು ‘ಡಿಪ್ರೆಷನ್’ ಎಂದು ಬರೆದರೆ ಒಂದು ದರ್ಶನವೇ ಕಾಯಿಲೆಯ ಹೆಸರಾಗಿ ಮಾರ್ಪಡುತ್ತದೆ. ‘ಐ ಆಂಡ್ ಐ’ ಎಂದದ್ದನ್ನು ‘ನಾವು’ ಎಂದು ತಿದ್ದಬೇಡಿ. ಅದರಲ್ಲಿ ತಾನು, ಎದುರಿನವನು, ದೇವರು ಮೂವರೂ ಇದ್ದಾರೆ. ಕೂಟಗಳಿಗೆ ಅವರಿಟ್ಟ ‘ಗ್ರೌಂಡಿಂಗ್’ ಎಂಬ ಹೆಸರನ್ನು ‘ಉಪನ್ಯಾಸ’ ಮಾಡಬೇಡಿ. ಸಮಾನರಾಗಿ ಒಟ್ಟಿಗೆ ಕೂತು ವಿಚಾರ ಮಾಡುವುದು ಅದರ ಅರ್ಥ. ಜಮೈಕಾದ ಮಾತಿಗೆ ಭಾಷಾಶಾಸ್ತ್ರಜ್ಞ ಕ್ಯಾಸಿಡಿ ರೂಪಿಸಿದ ಪದ್ಧತಿಯ ಕಾಗುಣಿತವಿದೆ, ಮೋನಾದ ಜಮೈಕನ್ ಭಾಷಾ ಘಟಕ ಅದನ್ನು ಪರಿಷ್ಕರಿಸಿದೆ. ಆ ಪದ್ಧತಿ ಬಳಸುತ್ತೀರೋ ಇಲ್ಲವೋ ಎಂದು ಮೊದಲ ದಿನವೇ ನಿರ್ಧರಿಸಿ ಕೊನೆಯವರೆಗೆ ಪಾಲಿಸಿ. ಬರೆಯುವವರು ಅದೇ ದೇಶದವರಾಗಿರಲಿ. ಟ್ರಿನಿಡಾಡಿನವರಿಗೆ ಜಮೈಕಾದ ಹಳ್ಳಿ ಮಾತು ತಾನಾಗಿ ತಿಳಿಯುವುದಿಲ್ಲ.

9. ನಡುವೆ ಸಿಗುವ ಹಳೆಯ ಕ್ಯಾಸೆಟ್‌ಗಳು

ಯಾರದಾದರೂ ಮನೆಯಲ್ಲಿ ವಿದ್ವಾಂಸರದೇ ಧ್ವನಿಯ ಕ್ಯಾಸೆಟ್ ಸಿಕ್ಕೀತು. ಸಂಭ್ರಮದಲ್ಲಿ ಟೇಪ್‌ರೆಕಾರ್ಡರ್‌ಗೆ ಹಾಕಿಬಿಡುವುದೇ ದೊಡ್ಡ ತಪ್ಪು. ಮೊದಲು ಮೇಲಿನ ಎರಡು ಪ್ಲಾಸ್ಟಿಕ್ ಚೂರು ಮುರಿಯಿರಿ, ಆಮೇಲೆ ಅದರ ಮೇಲೆ ಬೇರೇನೂ ರೆಕಾರ್ಡ್ ಆಗದು. ಕಿಟಕಿಯಿಂದ ನೋಡಿ: ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಬೂಷ್ಟು. ಅದನ್ನು ಓಡಿಸಬೇಡಿ, ಚೀಲದಲ್ಲಿ ಪ್ರತ್ಯೇಕವಾಗಿಟ್ಟು ಪರಿಣತರಿಗೆ ಕೊಡಿ. ಕೆಳಗಿನ ಅಂಚಿನ ನಡುವೆ ತಾಮ್ರದ ಪಟ್ಟಿಗೆ ಅಂಟಿದ ಚಿಕ್ಕ ಫೆಲ್ಟ್ ತುಂಡು ಇರಬೇಕು. ಹಳೆಯ ಕ್ಯಾಸೆಟ್‌ಗಳಲ್ಲಿ ಅದು ಉದುರಿಹೋಗಿ ಧ್ವನಿ ಮಂಕಾಗಿ, ಏರಿಳಿಯುತ್ತಾ ಕೇಳುತ್ತದೆ. ಟೇಪ್ ಕೆಟ್ಟಿದೆ ಎಂದು ಎಸೆಯಬೇಡಿ, ಸ್ಕ್ರೂ ಇರುವ ಹೊಸ ಕವಚಕ್ಕೆ ಸುರುಳಿ ಬದಲಾಯಿಸಿದರೆ ಸರಿಹೋಗುತ್ತದೆ. ಒಮ್ಮೆ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಸುತ್ತಿ, ಮೊದಲ ಸಲ ಓಡಿಸುವಾಗಲೇ ಡಿಜಿಟಲ್ ಪ್ರತಿ ಮಾಡಿಕೊಳ್ಳಿ. ದೊಡ್ಡ ಚಕ್ರದ ಟೇಪ್ ಓಡುವಾಗ ಕಿರ್ ಎಂದು ಅಂಟಿದರೆ ತಕ್ಷಣ ನಿಲ್ಲಿಸಿ. ಪರಿಣತರು ಹದವಾದ ಶಾಖ ಕೊಟ್ಟು ಅದನ್ನು ಸರಿಮಾಡುತ್ತಾರೆ, ಮನೆಯ ಒಲೆಯಲ್ಲಿ ಪ್ರಯೋಗ ಬೇಡ.

10. ಒಪ್ಪಿಸುವುದು, ಹಿಂದಿರುಗಿಸುವುದು

ಪ್ರತಿ ಸಂದರ್ಶನಕ್ಕೊಂದು ಫೋಲ್ಡರ್: ಮೂಲ ವೇವ್, ಕೇಳಲು ಎಂಪಿ3, ಸೂಚಿ, ಬರಹ, ಎರಡೂ ಒಪ್ಪಿಗೆ ಪತ್ರಗಳ ಸ್ಕ್ಯಾನ್, ಫೋಟೊ, ಆ ಸಂಜೆಯ ಅರ್ಧ ಪುಟ, ಕಡತ ಬದಲಾಗಿಲ್ಲವೆಂದು ತೋರಿಸುವ ಚೆಕ್‌ಸಮ್. ಎಲ್ಲ ಮುಗಿಯಲೆಂದು ಕಾಯದೆ ಐದೈದಾಗಿ ಒಪ್ಪಿಸುತ್ತಾ ಬನ್ನಿ. ಸಂಸ್ಥೆಯವರು ಮೊದಲ ಕಂತಿನಲ್ಲೇ ತಪ್ಪು ತೋರಿಸಿದರೆ ಉಳಿದದ್ದನ್ನು ತಿದ್ದಿಕೊಳ್ಳಬಹುದು. ವರ್ಷಕ್ಕೊಮ್ಮೆ ಚೆಕ್‌ಸಮ್ ಮತ್ತೆ ಓಡಿಸಿ ನೋಡುವ ಹೊಣೆ ಯಾರದೆಂದು ಬರೆದಿಡಿ.

ಮಾತು ಕೊಟ್ಟವರಿಗೆ ಪೆನ್ ಡ್ರೈವ್ ಕೊಟ್ಟು ಮುಗಿಸುವವರೇ ಹೆಚ್ಚು, ಆದರೆ ಎಷ್ಟೋ ಮನೆಗಳಲ್ಲಿ ಅದನ್ನು ಹಾಕಲು ಕಂಪ್ಯೂಟರ್ ಇರುವುದಿಲ್ಲ. ಬರಹವನ್ನು 16 ಪಾಯಿಂಟ್ ಅಕ್ಷರದಲ್ಲಿ, ಕಾಗದದ ಒಂದೇ ಬದಿಗೆ ಮುದ್ರಿಸಿ, ಅಂಚಿನಲ್ಲಿ ತಿದ್ದಲು ಮೂರು ಬೆರಳು ಜಾಗ ಬಿಟ್ಟು, ಒಂದು ಪೆನ್ನಿನ ಜೊತೆ ನೀವೇ ಒಯ್ದು ಕೊಡಿ. ಧ್ವನಿಯನ್ನು ಮನೆಯ ಯಾರಾದರೊಬ್ಬರ ಫೋನ್‌ಗೆ ಹಾಕಿ, ಒಮ್ಮೆ ಕೇಳಿಸಿ. ತಿದ್ದಿದ ಪ್ರತಿ ತರಲು ಎರಡು ವಾರ ಬಿಟ್ಟು ಮತ್ತೆ ಹೋಗಿ. ಎರಡನೆಯ ಒಪ್ಪಿಗೆ ಪತ್ರಕ್ಕೆ ಸಹಿ ಬೀಳುವುದು ಆಗಲೇ.